ಕಾಡಿನಲ್ಲಿ ಸಿಕ್ಕ ರೇಡಿಯೋ ಡಬ್ಬಿಯಿಂದ ಯುದ್ಧಕಾಲದ ವಿಮಾನವನ್ನು ಗುರುತಿಸುವುದು ಹೇಗೆ?

"ಅರುಣಾಚಲಕ್ಕೆ ಟ್ರೆಕ್ಕಿಂಗ್ ಹೋಗಿದ್ದೆವು. ಕಾಡಿನಲ್ಲಿ ಹಳೇ ವಿಮಾನದ ಚೂರುಗಳು ಬಿದ್ದಿದ್ದವು. ಪಕ್ಕದಲ್ಲೇ ಮಣ್ಣು ಮೆತ್ತಿದ ಒಂದು ಡಬ್ಬಿ, ಒಳಗೆ ತಂತಿ, ಗಾಜಿನ ಚೂರು. ಇದು ಯಾವ ವಿಮಾನದ್ದು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಮಣಿಪುರದಿಂದ, ನಾಗಾಲ್ಯಾಂಡಿನಿಂದ ಬರುತ್ತದೆ. ಗುಜರಿ ಅಂಗಡಿಯಲ್ಲಿ ಹಳೇ ಸೆಟ್ ಕೊಂಡವರಿಂದಲೂ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ನನಗೆ ಗೊತ್ತಿರುವ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಇಡುತ್ತಿದ್ದೇನೆ.

ಈ ಭಾಗದಲ್ಲಿ ಇಷ್ಟೊಂದು ಅವಶೇಷ ಯಾಕಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಚೀನಾಕ್ಕೆ ಹೋಗುವ ನೆಲದ ದಾರಿ ಮುಚ್ಚಿತು. 1942ರ ಏಪ್ರಿಲ್‌ನಿಂದ ಅಮೆರಿಕದ ವಿಮಾನಗಳು ಅಸ್ಸಾಮಿನ ಚಬುವಾ, ದಿಂಜಾನ್, ಮೋಹನ್‌ಬಾಡಿ ಮುಂತಾದ ನೆಲೆಗಳಿಂದ ಹಿಮಾಲಯದ ಪೂರ್ವ ತುದಿಯನ್ನು ದಾಟಿ ಕುನ್ಮಿಂಗ್‌ಗೆ ಸರಕು ಸಾಗಿಸಿದವು. ಪೈಲಟ್‌ಗಳು ಈ ದಾರಿಯನ್ನು 'ಹಂಪ್' ಅನ್ನುತ್ತಿದ್ದರು, ಅಂದರೆ ಗೂನು. ಸುಮಾರು 600 ವಿಮಾನಗಳು ಇಲ್ಲಿ ಕಳೆದುಹೋದವು. ಅವುಗಳಲ್ಲಿ ಹಲವು ಇನ್ನೂ ಸಿಕ್ಕಿಲ್ಲ. ಒಳಗಿದ್ದವರೂ ಸಿಕ್ಕಿಲ್ಲ. ಹಾಗಾಗಿ ನಿಮ್ಮ ಕಾಲ ಕೆಳಗಿನ ಆ ಡಬ್ಬಿಯನ್ನು ಹಳೇ ಸಾಮಾನು ಅಂತ ಮಾತ್ರ ನೋಡಬೇಡಿ. ಯಾವುದೋ ಮನೆಯವರು 80 ವರ್ಷದಿಂದ ಕೇಳುತ್ತಿರುವ ಪ್ರಶ್ನೆಗೆ ಅಲ್ಲಿ ಉತ್ತರ ಇರಬಹುದು.

ರೇಡಿಯೋ ಡಬ್ಬಿಯೊಂದೇ ಸಾಮಾನ್ಯವಾಗಿ "ಇದೇ ಆ ವಿಮಾನ" ಎಂದು ಹೇಳುವುದಿಲ್ಲ ಅನ್ನುವುದೂ ಮೊದಲೇ ಗೊತ್ತಿರಲಿ. ಯಾವ ದೇಶದ ತಯಾರಿ, ಯಾವ ವರ್ಷಕ್ಕಿಂತ ಹಿಂದಿನದಲ್ಲ, ದೊಡ್ಡ ವಿಮಾನವೋ ಒಬ್ಬನೇ ಕೂರುವ ಫೈಟರೋ, ಇಷ್ಟನ್ನು ಚೆನ್ನಾಗಿ ಹೇಳುತ್ತದೆ. ಮುಂದಿನ ಹುಡುಕಾಟಕ್ಕೆ ದಾರಿ ಅಲ್ಲಿಂದ ಸಿಗುತ್ತದೆ.

ಏನೇನು ಬೇಕು?

ಫೋನ್ ಕ್ಯಾಮೆರಾ, ಅಳತೆಪಟ್ಟಿ, ನೋಟ್‌ಬುಕ್, ಪೆನ್ಸಿಲ್, ತೆಳು ಬಿಳಿ ಹಾಳೆ, ಮೆತ್ತನೆಯ ಪೇಂಟ್ ಬ್ರಷ್, ಒಂದು ಬಾಟಲಿ ನೀರು, ಸಣ್ಣ ಟಾರ್ಚ್, ದಪ್ಪ ಕೈಗವಸು, ಭೂತಗನ್ನಡಿ. ಸ್ಕ್ರೂಡ್ರೈವರ್ ತರಬೇಡಿ. ಕೈಯಲ್ಲಿದ್ದರೆ ಬಿಚ್ಚುವ ಮನಸ್ಸಾಗುತ್ತದೆ.

ಅರುಣಾಚಲಕ್ಕೆ ಹೋಗುವ ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕೇ ಬೇಕು. ಕಾಡು ಯಾವ ಊರಿನವರದ್ದೋ ಅವರ ಒಪ್ಪಿಗೆಯನ್ನೂ ಕೇಳಿ. ಎಷ್ಟೋ ಜಾಗ ಮೊದಲು ಗೊತ್ತಾಗಿದ್ದು ಅಲ್ಲಿನ ಬೇಟೆಗಾರರಿಗೆ. ಅವರಿಗಿಂತ ಒಳ್ಳೆಯ ದಾರಿ ತೋರುವವರು ಯಾರೂ ಇಲ್ಲ.

ಹಂತ 1: ಮುಟ್ಟುವ ಮೊದಲು ನಿಲ್ಲಿ

ಮೂರು ಅಪಾಯಗಳಿವೆ.

ಮೊದಲನೆಯದು ಸ್ಫೋಟಕ. ಬಾಂಬು, ಗುಂಡಿನ ಪಟ್ಟಿ ಇರಬಹುದು ಎಂದು ಎಲ್ಲರಿಗೂ ಗೊತ್ತು. ರೇಡಿಯೋ ಡಬ್ಬಿಯಲ್ಲೂ ಸಿಡಿಮದ್ದು ಇರಬಹುದು ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಐಎಫ್‌ಎಫ್ ಎಂಬ ಉಪಕರಣ ಇರುತ್ತಿತ್ತು. ನೆಲದ ರಾಡಾರ್ "ನೀನು ನಮ್ಮವನೋ ಶತ್ರುವೋ" ಎಂದು ಕೇಳಿದಾಗ ತಾನಾಗಿ ಉತ್ತರ ಕೊಡುವ ಪೆಟ್ಟಿಗೆ ಅದು. ಶತ್ರುವಿನ ಕೈಗೆ ಸಿಗಬಾರದೆಂದು ಅದರೊಳಗೆ ಸಣ್ಣ ಡಿಟೊನೇಟರ್ ಇಡುತ್ತಿದ್ದರು. ಪೈಲಟ್ ಗುಂಡಿ ಒತ್ತಿದರೆ ಅಥವಾ ವಿಮಾನ ಜೋರಾಗಿ ಅಪ್ಪಳಿಸಿದರೆ ಅದು ಸಿಡಿದು ಒಳಭಾಗವನ್ನು ಹಾಳುಮಾಡುತ್ತಿತ್ತು. ಸಿಡಿಯದೆ ಉಳಿದಿರುವುದೂ ಉಂಟು. ಅಮೆರಿಕದ ಬಿಸಿ-966 (ಇಂಗ್ಲಿಷಿನಲ್ಲಿ BC-966), ಬ್ರಿಟಿಷರ ಆರ್-3003 ಮತ್ತು ಆರ್-3067 ಈ ಜಾತಿಯವು. ಈ ನಂಬರು ಕಂಡರೆ, ಅಥವಾ ಡಬ್ಬಿ ಯಾವುದೆಂದು ಗೊತ್ತಾಗದಿದ್ದರೆ, ಅಲುಗಾಡಿಸಬೇಡಿ. ದೂರದಿಂದ ಫೋಟೋ ತೆಗೆದು ಪೊಲೀಸರಿಗೆ ಹೇಳಿ.

ಎರಡನೆಯದು ರೇಡಿಯಂ. ಕತ್ತಲಲ್ಲಿ ಹೊಳೆಯಲೆಂದು ಡಯಲ್‌ಗಳ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಯಾವತ್ತೋ ಆರಿದೆ, ವಿಕಿರಣ ಆರಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಕಿಗಳ ಮೇಲೆ ಕಂದು-ಹಳದಿ ಪುಡಿ ಕಂಡರೆ ಉಜ್ಜಬೇಡಿ, ಊದಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ.

ಮೂರನೆಯದನ್ನು ಅಪಾಯ ಅನ್ನುವುದಕ್ಕಿಂತ ಹೊಣೆ ಅನ್ನಬೇಕು. ಮೂಳೆ, ಬೂಟು, ಪ್ಯಾರಾಚೂಟಿನ ಬಕಲ್, ಕುತ್ತಿಗೆಗೆ ಹಾಕುವ ಲೋಹದ ಗುರುತಿನ ಬಿಲ್ಲೆ, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ. ಅದು ಈಗ ಸಮಾಧಿ. ಮುಂದಿನ ಹಂತಗಳನ್ನು ಬಿಟ್ಟು ನೇರವಾಗಿ ಹಂತ 9ಕ್ಕೆ ಹೋಗಿ.

ಹಂತ 2: ಇದ್ದ ಹಾಗೇ ದಾಖಲಿಸಿ

ವಸ್ತುವನ್ನು ಎತ್ತುವ ಮೊದಲು ಫೋಟೋ. ಮೊದಲು ಹತ್ತು ಹೆಜ್ಜೆ ದೂರದಿಂದ, ಆಮೇಲೆ ಹತ್ತಿರದಿಂದ, ಕೊನೆಗೆ ಅಳತೆಪಟ್ಟಿ ಪಕ್ಕದಲ್ಲಿಟ್ಟು. ಫೋನಿನ ಜಿಪಿಎಸ್ ಅಂಕಿಗಳನ್ನು ನೋಟ್‌ಬುಕ್‌ನಲ್ಲೂ ಬರೆಯಿರಿ. ಡಬ್ಬಿ ಎಲ್ಲಿತ್ತು ಅನ್ನುವುದು ಮುಖ್ಯ. ಬಾಲದ ಹತ್ತಿರವೋ, ರೆಕ್ಕೆಯ ಹತ್ತಿರವೋ, ಎಂಜಿನ್‌ನಿಂದ ಎಷ್ಟು ದೂರ? ಮಳೆಗೆ, ಭೂಕುಸಿತಕ್ಕೆ ಜಾರಿ ಬಂದಂತಿದೆಯೋ? ಇದನ್ನೂ ಬರೆಯಿರಿ.

ಡಯಲ್, ಸ್ವಿಚ್ ಇದ್ದರೆ ತಿರುಗಿಸಬೇಡಿ. ಮುಳ್ಳು ಎಲ್ಲಿ ನಿಂತಿದೆ ಎಂದು ನೇರ ಎದುರಿನಿಂದ ಒಂದು ಫೋಟೋ ಸಾಕು. ಕೊನೆಗೆ ಯಾವ ತರಂಗಕ್ಕೆ ಕಿವಿಗೊಟ್ಟಿದ್ದರು ಎನ್ನುವ ಸುಳಿವು ಅಲ್ಲಿರಬಹುದು. ಬಿದ್ದ ಹೊಡೆತಕ್ಕೆ ಮುಳ್ಳು ತಿರುಗಿರುವ ಸಾಧ್ಯತೆಯೂ ಇದೆ. ಅದಕ್ಕೇ ಇದೊಂದನ್ನೇ ನಂಬಬೇಡಿ.

ಹಂತ 3: ಫಲಕವನ್ನು ಓದುವಂತೆ ಮಾಡಿಕೊಳ್ಳಿ

ಫಲಕ ಅಂದರೆ ಡಬ್ಬಿಯ ಮೇಲೆ ಹೆಸರು, ನಂಬರು ಇರುವ ಲೋಹದ ಪಟ್ಟಿ. ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಮಣ್ಣು ಕಂಡ ಕೂಡಲೇ ತಂತಿ ಬ್ರಷ್, ಮರಳು ಕಾಗದ, ನಿಂಬೆಹಣ್ಣು, ಹುಣಸೆಹುಳಿ. ಹಿತ್ತಾಳೆ ಚೊಂಬು ಬೆಳಗಿದಂತೆ ಬೆಳಗಲು ಹೋಗುತ್ತಾರೆ. ಯುದ್ಧಕಾಲದ ಎಷ್ಟೋ ಫಲಕಗಳಲ್ಲಿ ಅಕ್ಷರವನ್ನು ಕೊರೆದಿರುವುದಿಲ್ಲ. ತೆಳು ಅಲ್ಯೂಮಿನಿಯಂ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ಒಮ್ಮೆ ಉಜ್ಜಿದರೆ ಸೀರಿಯಲ್ ನಂಬರು ಶಾಶ್ವತವಾಗಿ ಹೋಯಿತು.

ನೀರು ಹನಿಸಿ, ಮಣ್ಣು ನೆನೆಯಲು ಬಿಡಿ, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ. ಆಮೇಲೆ ನೆರಳಿನಲ್ಲಿಟ್ಟು, ಟಾರ್ಚನ್ನು ಫಲಕದ ಪಕ್ಕದಲ್ಲಿ ಓರೆಯಾಗಿ ಹಿಡಿಯಿರಿ. ಬೆಳಕು ಅಡ್ಡ ಬಿದ್ದಾಗ, ಎದುರಿನಿಂದ ಕಾಣದ ಅಕ್ಷರಗಳೂ ನೆರಳು ಚೆಲ್ಲಿ ಎದ್ದು ಬರುತ್ತವೆ. ನಾಲ್ಕೂ ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ. ಒತ್ತಿದ ಅಕ್ಷರವಾದರೆ ತೆಳು ಹಾಳೆಯಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಮಾಡುತ್ತಿದ್ದೆವಲ್ವಾ, ಅದೇ.

ಅಕ್ಷರ ಸ್ಪಷ್ಟವಾಗದಿದ್ದರೆ ಊಹಿಸಿ ತುಂಬಬೇಡಿ. 3, 8, ಇಂಗ್ಲಿಷಿನ ಬಿ, ಈ ಮೂರೂ ಸವೆದಾಗ ಒಂದೇ ಥರ ಕಾಣುತ್ತವೆ. ಅನುಮಾನ ಇದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹಂತ 4: ಯಾವ ದೇಶದ ತಯಾರಿ?

ಅಮೆರಿಕ. ಫಲಕದಲ್ಲಿ 'ಸಿಗ್ನಲ್ ಕೋರ್, ಯು.ಎಸ್. ಆರ್ಮಿ' ಎಂದಿದ್ದರೆ ಕೆಲಸ ಅರ್ಧ ಮುಗಿಯಿತು. ಅವರ ಪದ್ಧತಿ ಹೀಗಿದೆ. ಪೂರ್ತಿ ಸೆಟ್‌ಗೆ ಎಸ್‌ಸಿಆರ್ ನಂಬರು. ಅದರೊಳಗಿನ ಒಂದೊಂದು ಮುಖ್ಯ ಪೆಟ್ಟಿಗೆಗೆ ಬಿಸಿ ನಂಬರು. ಡೈನಮೋಟರ್‌ಗೆ ಡಿಎಂ ನಂಬರು. ಡೈನಮೋಟರ್ ಅಂದರೆ ವಿಮಾನದ ಬ್ಯಾಟರಿಯ ಸಣ್ಣ ವೋಲ್ಟೇಜನ್ನು ರೇಡಿಯೋಗೆ ಬೇಕಾದ ನೂರಾರು ವೋಲ್ಟಿಗೆ ಏರಿಸುವ, ಗರಗರ ತಿರುಗುವ ಪುಟ್ಟ ಯಂತ್ರ. ನಿಮಗೆ ಸಿಕ್ಕಿದ್ದು ಬಿಸಿ-453 ಆದರೆ ಅದು ಎಸ್‌ಸಿಆರ್-274-ಎನ್ ಎಂಬ ಸೆಟ್ಟಿನ ಒಂದು ತುಂಡು. ನಂಬರಿನ ಕೊನೆಯ ಅಕ್ಷರವನ್ನೂ ಬರೆದುಕೊಳ್ಳಿ. ಎ, ಬಿ, ಸಿ ಎಂದು ಮಾದರಿ ಸುಧಾರಿಸಿದ ಹಾಗೆ ಆ ಅಕ್ಷರ ಬದಲಾಗುತ್ತದೆ. 1943ರ ನಂತರ 'ಎಎನ್' ಎಂದು ಶುರುವಾಗುವ ಹೊಸ ಪದ್ಧತಿ ಬಂತು. ಎಎನ್/ಎಆರ್‌ಸಿ-5 ಅಂದರೆ, ಎ ವಿಮಾನದ್ದು, ಆರ್ ರೇಡಿಯೋ, ಸಿ ಸಂಪರ್ಕಕ್ಕೆ.

ಈಗ ನನ್ನ ಮೇಜಿನ ಮೇಲಿರುವ ಬಿಸಿ-453 ಅನ್ನು ನೋಡುತ್ತಾ ಬರೆಯುತ್ತಿದ್ದೇನೆ. ಉದ್ದನೆಯ ಅಲ್ಯೂಮಿನಿಯಂ ಡಬ್ಬಿ, ಹೆಚ್ಚುಕಡಿಮೆ ಶೂ ಡಬ್ಬಿಯ ಅಳತೆ. ಮುಂದೆ ಪುಟ್ಟ ಕಿಟಕಿ, ಒಳಗೆ 190ರಿಂದ 550 ಕಿಲೋಹರ್ಟ್ಸ್‌ವರೆಗಿನ ಅಂಕಿಗಳು. ಹಿಂಭಾಗದಲ್ಲಿ ಡೈನಮೋಟರ್ ಕೂರುವ ಜಾಗ. ಅದರ ಫಲಕದಲ್ಲಿ ಮಾದರಿ, ಸೀರಿಯಲ್ ನಂಬರು, ತಯಾರಕರಾದ ವೆಸ್ಟರ್ನ್ ಎಲೆಕ್ಟ್ರಿಕ್‌ನ ಹೆಸರು, ಆರ್ಡರ್ ನಂಬರು ಇವೆ. ಎಲ್ಲರ ಕಣ್ಣೂ ಹೋಗುವುದು ಸೀರಿಯಲ್ ನಂಬರಿಗೆ. ಹೆಚ್ಚು ಉಪಯೋಗಕ್ಕೆ ಬರುವುದು ಆರ್ಡರ್ ನಂಬರು. ಇಂಥ ಆರ್ಡರ್ ನಂಬರಿನ ಕೊನೆಯಲ್ಲಿ 42, 43 ಎಂಬ ಎರಡಂಕಿ ಇರುತ್ತದೆ. ಅದು ಅಮೆರಿಕ ಸರ್ಕಾರದ ಹಣಕಾಸು ವರ್ಷ. ಆಗ ಅವರ ಲೆಕ್ಕದ ವರ್ಷ ಜುಲೈ 1ಕ್ಕೆ ಶುರುವಾಗುತ್ತಿತ್ತು. ಹಾಗಾಗಿ '43' ಅಂದರೆ 1942ರ ಜುಲೈನಿಂದ 1943ರ ಜೂನ್ ಒಳಗೆ ಆರ್ಡರ್ ಕೊಟ್ಟಿದ್ದು. ಅಂಥ ಡಬ್ಬಿ 1942ರ ಏಪ್ರಿಲ್‌ನಲ್ಲಿ ಬಿದ್ದ ವಿಮಾನದಲ್ಲಿ ಇರಲು ಸಾಧ್ಯವೇ ಇಲ್ಲ. ಒಂದೇ ಏಟಿಗೆ ಎಷ್ಟೋ ವಿಮಾನಗಳು ಪಟ್ಟಿಯಿಂದ ಹೊರಗೆ ಹೋದವು.

ಬ್ರಿಟನ್. ಕಿರೀಟದ ಗುರುತು, ಅದರ ಕೆಳಗೆ 'ಎ.ಎಂ.' ಎಂಬ ಎರಡಕ್ಷರ, ಅಂದರೆ ಏರ್ ಮಿನಿಸ್ಟ್ರಿ. ಪಕ್ಕದಲ್ಲಿ '10ಡಿ/' ಎಂದು ಶುರುವಾಗುವ ನಂಬರು ಹುಡುಕಿ. ಅದು ಉಗ್ರಾಣದ ಉಲ್ಲೇಖ ಸಂಖ್ಯೆ. ಮೊದಲ ಅಂಕಿ ವಿಭಾಗವನ್ನು ಹೇಳುತ್ತದೆ. 10 ರೇಡಿಯೋ, 5 ವಿದ್ಯುತ್ ಸಾಮಾನು, 6 ಮೀಟರು ಮುಂತಾದ ಉಪಕರಣ, 14 ಕ್ಯಾಮೆರಾ. ಒಂದು ನಾಬ್ ಚೂರಿನ ಮೇಲೂ ಈ ನಂಬರು ಇರಬಹುದು. ಇದನ್ನು ಸೀರಿಯಲ್ ನಂಬರು ಎಂದುಕೊಳ್ಳಬೇಡಿ. ಅಂಥದ್ದೇ ಸಾವಿರಾರು ತುಂಡುಗಳಿಗೆ ಅದೇ ನಂಬರು.

ಬ್ರಿಟಿಷ್ ಸೆಟ್‌ಗಳಲ್ಲಿ ಗುರುತಿಸಲು ತುಂಬ ಸುಲಭವಾದದ್ದು ಟಿ-1154 ಟ್ರಾನ್ಸ್‌ಮಿಟರ್. ಅದರ ದೊಡ್ಡ ನಾಬ್‌ಗಳಿಗೆ ನೀಲಿ, ಕೆಂಪು, ಹಳದಿ ಬಣ್ಣ. ಒಂದೊಂದು ಬಣ್ಣ ಒಂದೊಂದು ತರಂಗಪಟ್ಟಿಗೆ. ಮಣ್ಣಿನಲ್ಲಿ ದಶಕಗಟ್ಟಲೆ ಹೂತಿದ್ದರೂ ಆ ಪ್ಲಾಸ್ಟಿಕ್ ಬಣ್ಣ ತೊಳೆದರೆ ಕಾಣುತ್ತದೆ. ಇದರ ಜೊತೆಗಾರ ಆರ್-1155 ರಿಸೀವರ್.

ಜಪಾನ್. ಫಲಕ ಜಪಾನಿ ಲಿಪಿಯಲ್ಲಿ ಇರುತ್ತದೆ. ಸ್ಪಷ್ಟ ಫೋಟೋ ತೆಗೆದು ಆ ಭಾಷೆ ಓದುವವರಿಗೆ ತೋರಿಸಿ. ಎರಡು ಲೆಕ್ಕ ನಿಮಗೂ ಗೊತ್ತಿರಲಿ. ತಯಾರಿಯ ವರ್ಷ 'ಶೋವಾ' ಎಣಿಕೆಯಲ್ಲಿದ್ದರೆ ಅದಕ್ಕೆ 1925 ಸೇರಿಸಿ. ಶೋವಾ 18 ಅಂದರೆ 1943. 'ಟೈಪ್ 99' ಎಂಬಂಥ ಅಂಕಿ ಬೇರೆ ಲೆಕ್ಕ. ಅದು ಜಪಾನಿನ ಸಾಮ್ರಾಜ್ಯ ಶಕೆಯ ಕೊನೆಯ ಎರಡಂಕಿ. 2599 ನಮ್ಮ 1939 ಆಗುತ್ತದೆ. ಅದು ಆ ಮಾದರಿಯನ್ನು ಸೇನೆ ಒಪ್ಪಿಕೊಂಡ ವರ್ಷ. ಡಬ್ಬಿ ತಯಾರಾದ ವರ್ಷ ಬೇರೆ ಇರಬಹುದು. ಈ ಎರಡನ್ನೂ ಬೆರೆಸಿ ಎಡವುವವರು ಬಹಳ. ಭೂಸೇನೆಯ ವಿಮಾನ ರೇಡಿಯೋಗಳ ಹೆಸರಲ್ಲಿ ಹಾರಾಟ ಎಂಬರ್ಥದ 'ಹಿ' ಅಕ್ಷರ ಇರುತ್ತದೆ. ನೌಕಾಪಡೆಯವುಗಳಲ್ಲಿ ಆಕಾಶ ಎಂಬರ್ಥದ 'ಕು'. ಇಂಫಾಲ್ ಸುತ್ತಮುತ್ತ ಹಾರಿದ್ದು ಮುಖ್ಯವಾಗಿ ಜಪಾನಿನ ಭೂಸೇನೆಯ ವಿಮಾನಗಳು. ಆದ್ದರಿಂದ ಅಲ್ಲಿ 'ಹಿ' ಸಿಗುವ ಸಾಧ್ಯತೆ ಜಾಸ್ತಿ.

ಜರ್ಮನಿ. ಭಾರತದಲ್ಲಿ ಇದರ ಮಾತು ಬರುವುದಿಲ್ಲ. ಯುರೋಪಿನಲ್ಲಿರುವ ಕನ್ನಡಿಗರು ಕೇಳುತ್ತಾರೆ, ಅದಕ್ಕೆ ಎರಡು ಮಾತು. 'ಎಫ್‌ಯುಜಿ' ಎಂಬುದು ಸೆಟ್ಟಿನ ಹೆಸರು, 'ಎಲ್‌ಎನ್' ಎಂಬುದು ಬಿಡಿಭಾಗದ ನಂಬರು. ಎಫ್‌ಯುಜಿ-10 ಬಾಂಬರ್‌ಗಳಲ್ಲಿ, ಎಫ್‌ಯುಜಿ-16 ಫೈಟರ್‌ಗಳಲ್ಲಿ ಸಾಮಾನ್ಯ. ಬ್ರಿಟನ್‌ನಲ್ಲಿ ಇರುವವರು ಒಂದು ವಿಷಯ ಮರೆಯಬೇಡಿ. ಅಲ್ಲಿ 1986ರ ಕಾನೂನಿನ ಪ್ರಕಾರ ಸೇನಾ ವಿಮಾನ ಬಿದ್ದ ಜಾಗವನ್ನು ಲೈಸೆನ್ಸ್ ಇಲ್ಲದೆ ಅಗೆಯುವುದು ಅಪರಾಧ.

ಹಂತ 5: ಫಲಕವೇ ಇಲ್ಲದಿದ್ದರೆ

ಆಗ ಒಳಗಿನ ತುಂಡುಗಳು ಮಾತಾಡಬೇಕು. ವಾಲ್ವ್ ಹುಡುಕಿ. ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋದಲ್ಲಿ ಇರುತ್ತಿದ್ದ, ಗಾಜಿನ ಬಲ್ಬಿನಂಥ ಅಥವಾ ಲೋಹದ ಟೋಪಿ ಹಾಕಿದಂಥ ಭಾಗ. ಗಾಜು ಒಡೆದರೂ ಬುಡ ಉಳಿದಿರುತ್ತದೆ, ಅದರ ಮೇಲೆ ನಂಬರು. 12ಎಸ್‌ಕೆ7, 1625 ಎಂದು ಕಂಡರೆ ಅಮೆರಿಕದ ಕಮಾಂಡ್ ಸೆಟ್, ಅಂದರೆ ಮೇಲೆ ಹೇಳಿದ ಎಸ್‌ಸಿಆರ್-274-ಎನ್‌ನಂಥದ್ದು, ಎಂದು ಅನುಮಾನಿಸಿ. 12ಎಸ್‌ಕೆ7 ಅದರ ರಿಸೀವರಿನದು, 1625 ಟ್ರಾನ್ಸ್‌ಮಿಟರಿನದು.

ಇಲ್ಲೊಂದು ಗುಂಡಿಯಿದೆ, ಹುಷಾರು. 'ವಿಟಿ' ಎಂಬ ಅಕ್ಷರಗಳು ಅಮೆರಿಕದ ವಾಲ್ವ್ ಮೇಲೂ ಇರುತ್ತವೆ, ಬ್ರಿಟಿಷ್ ವಾಲ್ವ್ ಮೇಲೂ ಇರುತ್ತವೆ. ಎರಡಕ್ಕೂ ಸಂಬಂಧ ಇಲ್ಲ. 807 ಎಂಬ ಹೆಸರಾಂತ ವಾಲ್ವ್ ಅಮೆರಿಕ ಸೇನೆಯ ಪಟ್ಟಿಯಲ್ಲಿ ವಿಟಿ-100. ಬ್ರಿಟಿಷ್ ಟಿ-1154ರಲ್ಲಿರುವ ವಿಟಿ-104 ಬೇರೆಯೇ ವಾಲ್ವ್. 'ವಿಟಿ ಇದೆ, ಹಾಗಾಗಿ ಅಮೆರಿಕದ್ದು' ಎಂದು ತೀರ್ಮಾನಿಸಿದ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸ್ಕ್ರೂಗಳನ್ನೂ ನೋಡಿ. ತಲೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ ಅಮೆರಿಕದ ವಿಮಾನಗಳಲ್ಲಿ ಆಗಲೇ ಬಳಕೆಯಲ್ಲಿತ್ತು. ಬ್ರಿಟಿಷ್ ರೇಡಿಯೋಗಳಲ್ಲಿ ಒಂದೇ ಗೀರಿನ ಸ್ಕ್ರೂ, 'ಬಿಎ' ಎಂಬ ಅವರದೇ ಅಳತೆ. ಜಪಾನಿನದು ಮೆಟ್ರಿಕ್ ಅಳತೆ. ಇದು ಬಲವಾದ ಸಾಕ್ಷಿ ಆಗಲಾರದು, ಆದರೆ ಬೇರೆ ಸುಳಿವಿನ ಜೊತೆ ಹೊಂದಿದರೆ ಧೈರ್ಯ ಕೊಡುತ್ತದೆ.

ಡೈನಮೋಟರ್ ಸಿಕ್ಕಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದರ ಮೇಲೆ ಒಳಬರುವ ವೋಲ್ಟೇಜ್ ಬರೆದಿರುತ್ತದೆ. 28 ವೋಲ್ಟೋ, 12-14 ವೋಲ್ಟೋ? ಅದು ಆ ವಿಮಾನದ ಇಡೀ ವಿದ್ಯುತ್ ವ್ಯವಸ್ಥೆಯ ವೋಲ್ಟೇಜ್. ಹಂಪ್‌ನ ದೊಡ್ಡ ಅಮೆರಿಕನ್ ವಿಮಾನಗಳು 24-28 ವೋಲ್ಟಿನವು. ಹರಿಕೇನ್‌ನಂಥ ಬ್ರಿಟಿಷ್ ಫೈಟರ್ 12 ವೋಲ್ಟಿನದು. ಬಿಸಿ-348 ಎಂಬ ರಿಸೀವರಿನ 12 ವೋಲ್ಟಿನ ಅಣ್ಣನಿಗೆ ಬಿಸಿ-224 ಎಂಬ ಬೇರೆ ಹೆಸರೇ ಇದೆ.

ಹಂತ 6: ಸೆಟ್‌ನಿಂದ ವಿಮಾನದ ಬಗೆಗೆ

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸೆಟ್ ಚಲಾಯಿಸಲು ಪ್ರತ್ಯೇಕ ಮನುಷ್ಯ ಬೇಕಿತ್ತೇ?

ಬಿಸಿ-348 ರಿಸೀವರ್, ಬಿಸಿ-375 ಟ್ರಾನ್ಸ್‌ಮಿಟರ್, ಇವೆರಡೂ ಸೇರಿ ದೂರ ಸಂಪರ್ಕದ ಸೆಟ್. ಮೋರ್ಸ್ ಕೀಲಿ ಒತ್ತುವ ರೇಡಿಯೋ ಆಪರೇಟರ್ ಪಕ್ಕದಲ್ಲೇ ಕುಳಿತಿರಬೇಕು. ಅಂದರೆ ಸಿ-47, ಸಿ-46, ಬಿ-24, ಬಿ-25ರಂಥ ಹಲವರು ಕೂರುವ ವಿಮಾನ. ಫೈಟರ್ ಅಲ್ಲವೇ ಅಲ್ಲ. ಬಿಸಿ-375ಕ್ಕೆ 'ಟಿಯು' ಎಂದು ಶುರುವಾಗುವ ಟ್ಯೂನಿಂಗ್ ಪೆಟ್ಟಿಗೆಗಳು ಬೇರೆ ಬೇರೆ ಬರುತ್ತವೆ. ತರಂಗ ಬದಲಿಸಬೇಕಾದರೆ ಒಂದನ್ನು ಎಳೆದು ಇನ್ನೊಂದನ್ನು ತಳ್ಳಬೇಕು. ಒಂದೇ ವಿಮಾನದಲ್ಲಿ ಇಂಥವು ಹಲವು ಇರುತ್ತಿದ್ದವು. ನಾಲ್ಕು ಪೆಟ್ಟಿಗೆ ಸಿಕ್ಕಿತು ಎಂದು ಎರಡು ವಿಮಾನ ಬಿದ್ದಿವೆ ಎಂದುಕೊಳ್ಳಬೇಡಿ.

ಬಿಸಿ-453, 454, 455 ರಿಸೀವರ್‌ಗಳು ಒಂದೇ ಚೌಕಟ್ಟಿನಲ್ಲಿ ಸಾಲಾಗಿ ಕೂರುತ್ತವೆ. ಇದು ಪೈಲಟ್ ದೂರದಿಂದಲೇ ನಡೆಸುವ ಕಮಾಂಡ್ ಸೆಟ್. ಫೈಟರ್‌ನಲ್ಲೂ ಇತ್ತು, ಸಾಗಣೆ ವಿಮಾನದಲ್ಲೂ ಇತ್ತು. ಆದ್ದರಿಂದ ಇದೊಂದೇ ಸಿಕ್ಕರೆ ವಿಮಾನದ ಗಾತ್ರ ಗೊತ್ತಾಗುವುದಿಲ್ಲ. ಬಿಸಿ-433 ರೇಡಿಯೋ ದಿಕ್ಸೂಚಿ ಸಿಕ್ಕರೆ ದೂರ ಹಾರುವ ವಿಮಾನದ ಕಡೆ ತೂಗುತ್ತದೆ. ಅದರ ಸುತ್ತು ಆಂಟೆನಾ ಮೊಟ್ಟೆಯಾಕಾರದ ಕವಚದೊಳಗೆ ವಿಮಾನದ ಹೊರಮೈಗೆ ಕೂರುತ್ತಿತ್ತು. ಆ ಕವಚದ ಚೂರನ್ನೂ ಹುಡುಕಿ.

ಎಸ್‌ಸಿಆರ್-522 ಎಂಬ ವಿಎಚ್‌ಎಫ್ ಸೆಟ್ 100ರಿಂದ 156 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ನಾಲ್ಕು ಚಾನೆಲ್, ಒಂದೊಂದಕ್ಕೂ ತನ್ನದೇ ಸ್ಫಟಿಕ. ಸ್ಫಟಿಕ ಅಂದರೆ ತರಂಗವನ್ನು ಅಲುಗದಂತೆ ಹಿಡಿದಿಡುವ ಸಣ್ಣ ಹರಳು. ಪುಟ್ಟ ಡಬ್ಬಿಯೊಳಗಿರುತ್ತದೆ, ಮೇಲೆ ಅಂಕಿ. ಟ್ರಾನ್ಸ್‌ಮಿಟರಿನ ಸ್ಫಟಿಕದ ಅಂಕಿಯನ್ನು 18ರಿಂದ ಗುಣಿಸಿದರೆ ನಿಜವಾದ ತರಂಗ ಸಿಗುತ್ತದೆ. 6450 ಕಿಲೋಹರ್ಟ್ಸ್ ಎಂದಿದ್ದರೆ 116.1 ಮೆಗಾಹರ್ಟ್ಸ್. ಬೆರಳುಗುರಿನಷ್ಟು ಚಿಕ್ಕ ಹರಳು, ಅದರಲ್ಲಿ ಆ ದಿನದ ಚಾನೆಲ್ ಉಳಿದಿರುತ್ತದೆ. ಸ್ಫಟಿಕ ಸಿಕ್ಕರೆ ಎಸೆಯಬೇಡಿ.

ಬ್ರಿಟಿಷ್ ಕಡೆ ಟಿ-1154, ಆರ್-1155 ಅಂದರೆ ವೆಲಿಂಗ್ಟನ್‌ನಂಥ ದೊಡ್ಡ ವಿಮಾನ. ಟಿಆರ್-9ಡಿ ಅಂದರೆ ಮೊದಮೊದಲ ಹರಿಕೇನ್, ಸ್ಪಿಟ್‌ಫೈರ್. ಆಮೇಲೆ ಅದರ ಜಾಗಕ್ಕೆ ವಿಎಚ್‌ಎಫ್ ಸೆಟ್‌ಗಳಾದ ಟಿಆರ್-1133, ಟಿಆರ್-1143 ಬಂದವು.

ರೇಡಿಯೋ 'ದೊಡ್ಡ ವಿಮಾನ' ಎಂದು ಹೇಳಿದ ಮೇಲೆ ಎಂಜಿನ್ ನೋಡಿ. 18 ಸಿಲಿಂಡರಿನ ಎಂಜಿನ್ ಇದ್ದರೆ ಹಂಪ್ ದಾರಿಯಲ್ಲಿ ಮೊದಲ ಅನುಮಾನ ಸಿ-46. 14 ಸಿಲಿಂಡರ್, ಜೊತೆಗೆ ಟರ್ಬೊ ಇದ್ದರೆ ಬಿ-24. 14 ಸಿಲಿಂಡರ್, ಟರ್ಬೊ ಇಲ್ಲ, ಎರಡೇ ಎಂಜಿನ್ ಅಂದರೆ ಸಿ-47 ಇರಬಹುದು, ಬಿ-25 ಕೂಡ ಇರಬಹುದು. ಎಂಜಿನ್ ಮಾದರಿಯ ಫಲಕ ಓದಿದ ಮೇಲೇ ತೀರ್ಮಾನ. ಬಿ-24ರ ದೇಹದಿಂದಲೇ ಮಾಡಿದ ಸಿ-87 ಸಾಗಣೆ ವಿಮಾನ, ಸಿ-109 ಇಂಧನ ವಿಮಾನ ಕೂಡ ಈ ದಾರಿಯಲ್ಲಿ ಹಾರಿದವು. ರೇಡಿಯೋದಿಂದ ಈ ಮೂರನ್ನು ಬೇರೆ ಮಾಡಲು ಆಗುವುದಿಲ್ಲ.

ಹಂತ 7: ಯಾರ ವಿಮಾನ, ಯಾವ ಕಾಲದ್ದು?

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಇದು. ಅಮೆರಿಕದ ರೇಡಿಯೋ ಸಿಕ್ಕಿತು, ಹಾಗಾಗಿ ಅಮೆರಿಕದ ಸೈನಿಕರು ಸತ್ತ ಜಾಗ ಎಂದು ಬರೆದುಬಿಡುತ್ತಾರೆ. ಸ್ವಲ್ಪ ತಾಳಿ.

ಬ್ರಿಟಿಷ್ ವಾಯುಪಡೆ ಈ ಭಾಗದಲ್ಲಿ ಅಮೆರಿಕದಿಂದ ಪಡೆದ ಡಕೋಟಾ, ಲಿಬರೇಟರ್, ಥಂಡರ್‌ಬೋಲ್ಟ್‌ಗಳನ್ನು ಹಾರಿಸಿತು. ಡಕೋಟಾ ಅಂದರೆ ಸಿ-47 ವಿಮಾನವೇ. ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಯುದ್ಧದಲ್ಲಿ ಹಾರಿಸಿದ ವೆಂಜನ್ಸ್ ಬಾಂಬರ್ ಕೂಡ ಅಮೆರಿಕದಲ್ಲಿ ತಯಾರಾದದ್ದು. ಇಂಫಾಲ್ ಹತ್ತಿರ ಸಿಕ್ಕ ಹರಿಕೇನ್ ಚೂರು ಬ್ರಿಟಿಷರದ್ದೇ ಆಗಬೇಕೆಂದಿಲ್ಲ. 1944ರಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ ನಮ್ಮ 1ನೇ ಸ್ಕ್ವಾಡ್ರನ್ ಅಲ್ಲಿಂದಲೇ ಹರಿಕೇನ್ ಹಾರಿಸಿತ್ತು. ಆ ಚೂರು ನಮ್ಮ ಹುಡುಗನೊಬ್ಬನ ವಿಮಾನದ್ದಾಗಿರಬಹುದು. ಅವಸರದಿಂದ ಬೇರೆ ದೇಶದ ಹೆಸರು ಅಂಟಿಸಿದರೆ ಅವನ ಗುರುತು ಇನ್ನೊಮ್ಮೆ ಕಳೆದಂತೆ.

ಕಾಲದ ವಿಷಯವೂ ಹಾಗೆಯೇ. ಯುದ್ಧ ಮುಗಿದ ಮೇಲೂ ಡಕೋಟಾಗಳು ಹಾರಾಡಿದವು. 1950ರ ದಶಕದಲ್ಲಿ, ಆಗ ನೇಫಾ ಎನ್ನುತ್ತಿದ್ದ ಇವತ್ತಿನ ಅರುಣಾಚಲದ ಹೊರಠಾಣೆಗಳಿಗೆ ವಾಯುಪಡೆ ಮತ್ತು ಕಳಿಂಗ ಏರ್‌ಲೈನ್ಸ್‌ನ ಡಕೋಟಾಗಳು ಅಕ್ಕಿ, ಉಪ್ಪು ಉದುರಿಸುತ್ತಿದ್ದವು. ಅವುಗಳಲ್ಲೂ ಯುದ್ಧಕಾಲದ ರೇಡಿಯೋ ಇದ್ದಿರಬಹುದು. ಆರ್ಡರ್ ನಂಬರು 'ಇದಕ್ಕಿಂತ ಹಿಂದಿನದಲ್ಲ' ಎಂದು ಮಾತ್ರ ಹೇಳುತ್ತದೆ. 'ಇದಕ್ಕಿಂತ ಈಚಿನದಲ್ಲ' ಎಂದು ಹೇಳಲಾರದು. ಅದೇ ಜಾಗದಲ್ಲಿ ಟ್ರಾನ್ಸಿಸ್ಟರ್ ಇರುವ ಒಂದು ಚೂರು ಸಿಕ್ಕರೂ ಸಾಕು, ಅದು ಯುದ್ಧಾನಂತರದ ವಿಮಾನ.

ಬೆಂಗಳೂರಿನ ಓದುಗರಿಗೆ ಇನ್ನೊಂದು ಮಾತು. 1940ರಲ್ಲಿ ಶುರುವಾದ ನಮ್ಮ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಈ ಯುದ್ಧರಂಗದ ವಿಮಾನಗಳ ರಿಪೇರಿ ಇಲ್ಲಿ ನಡೆಯಿತು. ಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಎಚ್‌ಎಎಲ್ ಮತ್ತೆ ಜೋಡಿಸಿತು. ಅವು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ಹಾರಿದವು. ಮಿಕ್ಕ ರೇಡಿಯೋಗಳು ಗುಜರಿಗೆ ಬಂದವು, ಹ್ಯಾಮ್ ರೇಡಿಯೋದವರ ಮನೆ ಸೇರಿದವು. ನನ್ನ ಬಿಸಿ-453 ಬಂದದ್ದೂ ಗುಜರಿಯಿಂದಲೇ. ಅದರ ಡೈನಮೋಟರ್ ತೆಗೆದು ಯಾರೋ ಮನೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೆ. ನಿಮ್ಮ ಸೆಟ್ಟಿನಲ್ಲೂ ಹೀಗಿದ್ದರೆ ಅದು ಬಿದ್ದ ವಿಮಾನದ್ದಲ್ಲ, ಹವ್ಯಾಸಿಯೊಬ್ಬರ ಕೈಯಲ್ಲಿ ಪಳಗಿದ್ದು.

ಹಂತ 8: ಒಂದೇ ವಿಮಾನದವರೆಗೆ ಇಳಿಯುವುದು

ರೇಡಿಯೋದ ಸೀರಿಯಲ್ ನಂಬರನ್ನು ಇಟ್ಟುಕೊಂಡು ವಿಮಾನ ಹುಡುಕಲು ಹೋಗಬೇಡಿ. ಕೆಟ್ಟಾಗ ಸುಮ್ನೆ ಎಳೆದು ಬೇರೆಯದನ್ನು ತಳ್ಳುವಂತೆ ಈ ಡಬ್ಬಿಗಳನ್ನು ಮಾಡಿದ್ದರು. ಇವತ್ತು ಒಂದು ವಿಮಾನದಲ್ಲಿ, ನಾಳೆ ಇನ್ನೊಂದರಲ್ಲಿ.

ಹುಡುಕಬೇಕಾದ್ದು ಬೇರೆ. ಅಮೆರಿಕದ ವಿಮಾನಗಳ ಉಪಕರಣ ಫಲಕದ ಮೇಲೆ 'ರೇಡಿಯೋ ಕಾಲ್' ಎಂದು ಬರೆದ ಬೆರಳಗಲದ ಒಂದು ಪಟ್ಟಿ ಇರುತ್ತಿತ್ತು. ರೇಡಿಯೋದಲ್ಲಿ ಮಾತಾಡುವಾಗ ಪೈಲಟ್ ತನ್ನ ವಿಮಾನವನ್ನು ಕರೆಯಬೇಕಾದ ನಂಬರು ಅದು. ಬಾಲದ ಮೇಲೂ ಅದೇ ನಂಬರು. ಅದು ವಿಮಾನದ ಸೀರಿಯಲ್ ನಂಬರಿನಿಂದಲೇ ಬಂದದ್ದು, ವರ್ಷದ ಮೊದಲ ಅಂಕಿಯನ್ನು ಮಾತ್ರ ಬಿಟ್ಟಿರುತ್ತಾರೆ. 273308 ಎಂದು ಕಂಡರೆ ಪೂರ್ತಿ ನಂಬರು 42-73308. ಇದು ನಿಜವಾದ ಬಿ-24ರ ನಂಬರೇ, ಅದರ ಕತೆ ಕೊನೆಯಲ್ಲಿ ಹೇಳುತ್ತೇನೆ. ಕಾಕ್‌ಪಿಟ್ ಭಾಗ ಸಿಕ್ಕರೆ ಎಲ್ಲ ಬಿಟ್ಟು ಮೊದಲು ಈ ಪಟ್ಟಿ ಹುಡುಕಿ.

ಅದು ಸಿಗದಿದ್ದರೆ ಎಂಜಿನ್ ಸೀರಿಯಲ್ ನಂಬರು, ಮೆಷಿನ್ ಗನ್ ನಂಬರು. 1943ರಿಂದ ಅಮೆರಿಕ ಸೇನೆ ಕಾಣೆಯಾದ ಪ್ರತಿ ವಿಮಾನಕ್ಕೆ 'ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್' ಎಂಬ ವರದಿ ಬರೆಯುತ್ತಿತ್ತು. ಅದರಲ್ಲಿ ಎಂಜಿನ್‌ಗಳ, ಗನ್‌ಗಳ ನಂಬರು ಇರುತ್ತವೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವು ಸಿಗುತ್ತವೆ. ಬ್ರಿಟಿಷ್ ವಿಮಾನದ ಗುರುತು ಎರಡು ಅಕ್ಷರ, ಮೂರು ಅಂಕಿ, ಇಲ್ಲವೇ ಒಂದು ಅಕ್ಷರ, ನಾಲ್ಕು ಅಂಕಿ. ಅದನ್ನು ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಎಐಆರ್-27 ಸರಣಿಯಲ್ಲಿ, ಅಂದರೆ ಸ್ಕ್ವಾಡ್ರನ್‌ಗಳ ದಿನಚರಿಗಳಲ್ಲಿ ಹುಡುಕಬೇಕು.

ಹೀಗೆ ಹುಡುಕುವಾಗ ರೇಡಿಯೋ ಮತ್ತೆ ನೆರವಿಗೆ ಬರುತ್ತದೆ. ನಂಬರು ಅರ್ಧ ಸವೆದು ಮೂರು ವಿಮಾನಗಳಿಗೆ ಹೊಂದುವಂತಿದೆ ಅನ್ನೋಣ. ನಿಮ್ಮ ಡಬ್ಬಿಯ ಆರ್ಡರ್ 1944ನೇ ಲೆಕ್ಕದ ವರ್ಷದ್ದಾದರೆ, 1943ರ ಏಪ್ರಿಲ್‌ನಲ್ಲಿ ಕಳೆದ ವಿಮಾನವನ್ನು ಧೈರ್ಯವಾಗಿ ಪಟ್ಟಿಯಿಂದ ತೆಗೆಯಬಹುದು.

ಹಂತ 9: ಯಾರಿಗೆ ಹೇಳಬೇಕು, ಹೇಗೆ ಬರೆಯಬೇಕು

ಮೊದಲು ಹತ್ತಿರದ ಪೊಲೀಸ್ ಠಾಣೆ ಮತ್ತು ಜಿಲ್ಲಾಧಿಕಾರಿ ಕಚೇರಿ. ಅಮೆರಿಕದ ವಿಮಾನ ಎಂದು ಅನಿಸಿದರೆ ದೆಹಲಿಯ ಅಮೆರಿಕ ರಾಯಭಾರ ಕಚೇರಿಗೂ ಬರೆಯಿರಿ. ಕಾಣೆಯಾದ ಸೈನಿಕರನ್ನು ಹುಡುಕುವ ಡಿಪಿಎಎ ಎಂಬ ಅವರ ಸಂಸ್ಥೆ ಅರುಣಾಚಲದಲ್ಲಿ ಕೆಲಸ ಮಾಡಿದೆ. ಪಾಸಿಘಾಟ್‌ನಲ್ಲಿ 2023ರಲ್ಲಿ ತೆರೆದ ಹಂಪ್ ವಸ್ತುಸಂಗ್ರಹಾಲಯವನ್ನೂ ನೋಡಿ ಬನ್ನಿ. ಕಣ್ಣಾರೆ ಒಮ್ಮೆ ನೋಡಿದರೆ ಕಾಡಿನಲ್ಲಿ ಏನು ಹುಡುಕಬೇಕು ಎಂದು ತಿಳಿಯುತ್ತದೆ.

ವರದಿಯಲ್ಲಿ ಮೂರು ಭಾಗ ಇರಲಿ. ಕಂಡದ್ದು, ಓದಿದ್ದು, ಊಹಿಸಿದ್ದು. ಮೂರನ್ನೂ ಬೆರೆಸಬೇಡಿ. 'ಬಿಸಿ-348 ಎಂಬ ಫಲಕ ಇದೆ' ಎಂಬುದು ಓದಿದ್ದು. 'ಹಾಗಾಗಿ ಸಿ-47 ಇರಬಹುದು' ಎಂಬುದು ಊಹೆ. ಫೋಟೋಗಳನ್ನು ಮೂಲ ಫೈಲಿನಲ್ಲೇ ಕಳಿಸಿ. ಫೋನಿನಲ್ಲಿ ಫಾರ್ವರ್ಡ್ ಮಾಡಿದರೆ ಗಾತ್ರ ಕುಗ್ಗಿ ಸಣ್ಣ ಅಕ್ಷರಗಳು ಅಳಿಸಿಹೋಗುತ್ತವೆ. ಜಾಗದ ಜಿಪಿಎಸ್ ಅಂಕಿಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಲೇಬೇಡಿ. ಗುಜರಿಯವರು ನಿಮಗಿಂತ ಬೇಗ ಅಲ್ಲಿಗೆ ತಲುಪುತ್ತಾರೆ. ಡಬ್ಬಿಯನ್ನು ಎಲ್ಲಿತ್ತೋ ಅಲ್ಲೇ ಬಿಟ್ಟು ಬನ್ನಿ.

ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡಿ. ಮೇಲೆ ಹೇಳಿದ 42-73308, ಅದರ ಸಿಬ್ಬಂದಿ 'ಹಾಟ್ ಆ್ಯಸ್ ಹೆಲ್' ಎಂದು ಹೆಸರಿಟ್ಟಿದ್ದ ಬಿ-24. 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಬುವಾಕ್ಕೆ ಬರುವಾಗ ಎಂಟು ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಅರುಣಾಚಲದಲ್ಲಿ ಪತ್ತೆಯಾದದ್ದು 2006ರಲ್ಲಿ. ಅಲ್ಲಿ ಸಿಕ್ಕ ಮಾನವ ಅವಶೇಷಗಳನ್ನು ದೆಹಲಿಯಿಂದ ಗೌರವದೊಂದಿಗೆ ಬೀಳ್ಕೊಟ್ಟದ್ದು 2016ರ ಏಪ್ರಿಲ್‌ನಲ್ಲಿ. ಅವರಲ್ಲಿ ಒಬ್ಬರ ಗುರುತು ಹತ್ತಿ ಊರಿಗೆ ಹಿಂತಿರುಗಲು ಇನ್ನೂ ಒಂದು ವರ್ಷ ಹಿಡಿಯಿತು.